ರೀಪಿಗೆ ಮೂರು ಪೆಟ್ಟು

ಪ್ಲಾಸ್ಟಿಕ್ ಚೀಲ ಹರಿದ ಕೂಡಲೇ, ಸೂರಿನ ಶೀಟಿನಡಿ ಹಾಸುವ ಗಾಜಿನ ಉಣ್ಣೆಯ ರೋಲು ಉಬ್ಬಲು ಶುರುವಾಗುತ್ತದೆ. ಬಿಗಿಯಾಗಿ ಸುತ್ತಿ ಕಟ್ಟಿದ ಹಾಸಿಗೆ ಬಿಚ್ಚಿದ ಹಾಗೆ, ನಿಧಾನಕ್ಕೆ. ಆಗ ಅವಸರ ಮಾಡಬಾರದು. ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟು ಕಾಯಬೇಕು. ಅದರೊಳಗೆ ಸೇರಿಕೊಳ್ಳುವ ಗಾಳಿಯೇ ಬಿಸಿಲನ್ನೂ ಸದ್ದನ್ನೂ ತಡೆಯುವುದು. ಉಬ್ಬುವ ಮೊದಲೇ ಒತ್ತಿ ತುರುಕಿದರೆ ಅದು ಇದ್ದೂ ಇಲ್ಲದ ಹಾಗೆ.

ಚೈತ್ರಾ, ಇದನ್ನೆಲ್ಲ ನಿನಗೆ ಕಂಪನಿಯವರು ಹೇಳಿಕೊಟ್ಟಿರುತ್ತಾರೆ. ನಾನು ಬರೆಯಲು ಕೂತದ್ದು ಹೋದ ಭಾನುವಾರ ನೀನು ಹೇಳಿದ ಒಂದು ಮಾತಿಗೆ. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ನೀನು ಕೆಲಸದ ಹಳದಿ ಟೋಪಿ ಹಾಕಿ ತೋರಿಸಿದೆ, ಚಕ್ಕುಲಿ ತಿನ್ನುತ್ತಾ ಹೇಳಿದೆ.

"ಅಜ್ಜಿ, ಮೊನ್ನೆ ನಮ್ ಸೀನಿಯರ್ ಒಬ್ರು ಮೇಲೆ ರೋಲ್ ಹಾಸ್ತಾ ಇದ್ರು. ಹಲಗೆ ಬಿಟ್ಟು ರೋಲ್ ಮೇಲೆ ಕಾಲಿಟ್ರು. ಅಲ್ಲಿ ಕೆಳಗೆ ರೀಪಿನ ಪಟ್ಟೀನೇ ಇಲ್ಲ. ನಂಗೆ ಕೆಳಗಿಂದ ಕಾಣ್ತಿತ್ತು."

"ಕೂಗ್ದ್ಯಾ?" ಅಂದೆ.

"ಹೆಂಗೆ ಕೂಗ್ಲಿ? ಸರ್ ಅಂದ್ರೆ ಅಲ್ಲಿ ನಾಲ್ಕು ಜನ ಸರ್ ಇದಾರೆ. ಹೆಸ್ರಿಡಿದು ಕರ್ಯಕ್ಕೆ ಅವ್ರು ಅಪ್ಪನಷ್ಟು ದೊಡ್ಡೋರು. ಸುಮ್ನೆ ಬಾಯಿ ಬಿಟ್ಕೊಂಡು ನಿಂತೆ. ಪುಣ್ಯಕ್ಕೆ ಅವ್ರೇ ನೋಡ್ಕೊಂಡ್ರು."

ನೀನು ನಕ್ಕೆ. ನಾನು ಎದ್ದು ಒಳಗೆ ಹೋದೆ. ಕಾಫಿ ಮಾಡಲು ಹೋದೆ ಅಂದುಕೊಂಡೆಯಲ್ಲವೇ? ನಿಮ್ಮಜ್ಜನ ಮಂಚದ ಮೇಲೆ ಕೂತು ಸೂರು ನೋಡುತ್ತಿದ್ದೆ.

ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದೆ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಂತು ನೆಲ ನೋಡುತ್ತಿದ್ದೆ, ಪರೀಕ್ಷೆಯಲ್ಲಿ ಮಾತ್ರ ಬರೆಯುತ್ತಿದ್ದೆ. ಈಗಲೂ ಹಾಗೆಯೇ ಬರೆಯುತ್ತಿದ್ದೇನೆ. ನೀನೂ ನಿನ್ನ ತಮ್ಮನೂ ಓದಿ.

ನಿಮ್ಮಜ್ಜ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯೆಲ್ಲ ಮನೆಗಳ ಮೇಲಿನ ಮಾಡು ಕಟ್ಟುವ ಬಡಗಿ. ಮೊದಲು ಹೆಂಚಿನ ಕೆಲಸ. ಆಮೇಲೆ ಜನ ಹೆಂಚು ಇಳಿಸಿ ತಗಡಿನ ಶೀಟು ಹಾಕತೊಡಗಿದರು. ಶೀಟು ಬಂದ ಮೇಲೆ ಬೇಸಿಗೆಯಲ್ಲಿ ಮಧ್ಯಾಹ್ನ ಮನೆಯೊಳಗೆ ಕೂರಲಾಗದೆ ಜನ ಮರದಡಿ ಕೂರುವ ಹಾಗಾಯಿತು. ಶೀಟಿನ ಮೇಲೆ ಸುಣ್ಣ ಬಳಿದರು, ಒದ್ದೆ ಗೋಣಿ ಹಾಸಿದರು, ಒಳಗೆ ಥರ್ಮೋಕೋಲ್ ಸಿಕ್ಕಿಸಿದರು. ಥರ್ಮೋಕೋಲನ್ನು ಇಲಿ ಪುಡಿ ಮಾಡಿ ಊಟದ ತಟ್ಟೆಗೆ ಉದುರಿಸಿತು. ಆಗ ಸಾಗರದ ಹಾರ್ಡ್‌ವೇರ್ ಅಂಗಡಿಯ ಪ್ರಭಾಕರಣ್ಣ ರೋಲು ತರಿಸಿದರು. ಎರಡು ಕಡೆ ಬೆಳ್ಳಿಯ ಹಾಗೆ ಹೊಳೆಯುವ, ನಡುವೆ ಗಾಳಿಗುಳ್ಳೆ ಇರುವ ಬಬಲ್ ರೋಲು ಒಂದು. ಒಂದು ಮಗ್ಗುಲಿಗೆ ಹೊಳೆಯುವ ಹಾಳೆ ಅಂಟಿಸಿದ ಗಾಜಿನ ಉಣ್ಣೆಯ ದಪ್ಪ ರೋಲು ಇನ್ನೊಂದು.

ಅದನ್ನು ಹಾಸಲು ಮೇಲೊಬ್ಬರು, ಕೆಳಗೊಬ್ಬರು ಬೇಕು. ಮೇಲಿನವರು ರೀಪುಗಳ ಮೇಲೆ ತಂತಿಬಲೆ ಬಿಗಿದು ರೋಲು ಬಿಚ್ಚುತ್ತಾ ಹೋಗಬೇಕು. ಮರದ್ದಿರಲಿ ಕಬ್ಬಿಣದ್ದಿರಲಿ, ಶೀಟು ಕೂರುವ ಅಡ್ಡಪಟ್ಟಿಗೆ ನಾವು ರೀಪು ಎಂದೇ ಅನ್ನುವುದು. ಎಲ್ಲಿ ಜೋತಿದೆ, ಎಲ್ಲಿ ಸಂದಿ ಉಳಿದಿದೆ ಎಂಬುದು ಕೆಳಗಿನವರಿಗೆ ಮಾತ್ರ ಕಾಣುತ್ತದೆ. ಕೆಳಗಿನ ಕೆಲಸಕ್ಕೆ ಬರುತ್ತಿದ್ದವನು ಮಂಗಳೂರಿನ ಕಡೆ ಹೋದ. ಪ್ರಭಾಕರಣ್ಣ ನಿಮ್ಮಜ್ಜನಿಗೆ, "ಮನೇಲಿ ತಂಗಿ ಇದಾರಲ್ಲ ಮಾರಾಯ, ಕರ್ಕಂಡ್ ಬಾ. ಕಣ್ಣು ಚುರುಕು ಇದ್ರೆ ಸಾಕು" ಅಂದರು. ತಂಗಿ ಎಂದು ಅವರು ಕರೆಯುತ್ತಿದ್ದುದು ನನ್ನನ್ನೇ. ನಿಮ್ಮಮ್ಮ ಆಗ ಶಾಲೆಗೆ ಹೋಗುತ್ತಿದ್ದಳು. ನಾನು ಹೊರಟೆ.

ಮೊದಲ ದಿನವೇ ಪೇಚು. ರೋಲು ಒಂದು ಕಡೆ ಸರಿದಿತ್ತು, ಹೇಳಬೇಕು. ಹೇಗೆ ಕರೆಯಲಿ? ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನನ್ನಮ್ಮ ಹೇಳಿಕೊಟ್ಟಿದ್ದಳು. ಮದುವೆಯ ದಿನ ಹೊಸಿಲ ಮುಂದೆ ಹೆಸರು ಹೇಳು ಎಂದು ನಾದಿನಿಯರು ಅಡ್ಡ ನಿಂತಾಗಲೂ ನಾನು ಹೇಳಲಿಲ್ಲ. ಪಾಪ, ನನ್ನ ಮುಖ ನೋಡಿ ಅತ್ತೆಯೇ ಒಳಗೆ ಬಿಟ್ಟರು. ಮನೆಯಲ್ಲಾದರೆ "ಕೇಳ್ತಾ" ಅಂದರೆ ಮುಗಿಯಿತು. ಇಲ್ಲಿ "ರೀ, ಇಲ್ ನೋಡಿ" ಅಂದೆ. ಮಾಡಿನ ಮೇಲಿದ್ದ ಮೂರು ಜನರೂ ಬಗ್ಗಿ ನೋಡಿದರು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮನೆ ಯಜಮಾನರು, "ಎಂತ ತಂಗಿ, ನನ್ ಕರೆದ್ಯಾ?" ಅಂದರು. ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆ.

ಅವತ್ತು ಊಟದ ಹೊತ್ತಿಗೆ ನಿಮ್ಮಜ್ಜ, ಬುತ್ತಿ ಬಿಚ್ಚುತ್ತಾ, "ನಂಗೊಂದು ಹೆಸ್ರಿಟ್ಟಿದಾರೆ, ಗೊತ್ತಾ ನಿಂಗೆ?" ಅಂದರು.

"ಗೊತ್ತಿಲ್ಲದೆ ಏನು."

"ಹಂಗಾರೆ ಕರಿ."

ನಾನು ಕತ್ತರಿಯ ಹಿಡಿಯಿಂದ ಪಕ್ಕದ ಕಂಬಕ್ಕೆ ಟಕ್ ಟಕ್ ಎಂದು ಕುಟ್ಟಿದೆ. ಯಾಕೆ ಕುಟ್ಟಿದೆನೋ ಗೊತ್ತಿಲ್ಲ. ಅವರು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕರು. ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ರೀಪಿಗೆ, ಅದು ಎಟುಕದಿದ್ದರೆ ಕಂಬಕ್ಕೆ, ಒಂದು ಪೆಟ್ಟು ಅಂದರೆ ಸರಿ ಕೂತಿದೆ. ಎರಡು ಅಂದರೆ ಎಳೆಯಿರಿ. ಮೂರು ಅಂದರೆ ನಿಲ್ಲಿ. ಮೇಲಿಂದ ಅವರು ಒಂದು ಪೆಟ್ಟು ಕುಟ್ಟಿದರೆ ಕೇಳಿಸಿತು ಎಂದರ್ಥ. ಬೇರೆ ಆಳುಗಳು, "ಗಂಡ ಹೆಂಡ್ತಿ ತಂತಿ ಹೊಡ್ಕೊಳ್ತಿದಾರೆ" ಎಂದು ಹಾಸ್ಯ ಮಾಡುತ್ತಿದ್ದರು. ಹೊಳೆಯುವ ಹಾಳೆಯ ಮೇಲೆ ಅವರು, ಕೆಳಗೆ ನಾನು. ಮುಖ ಕಾಣದು. ಅವರು ರೀಪಿನ ಅಂಚಿಗೆ ಕಾಲಿಟ್ಟಲ್ಲಿ ಹಾಳೆ ಸ್ವಲ್ಪ ತಗ್ಗಾಗುತ್ತಿತ್ತು. ಅಂಗಾಲು, ಹೆಬ್ಬೆರಳು ಎಲ್ಲ ಮೂಡುತ್ತಿತ್ತು. ಅವರು ಎಲ್ಲಿದ್ದಾರೆ ಎಂದು ಆ ಗುರುತಿನಿಂದ ತಿಳಿಯುತ್ತಿತ್ತು. ಈಗ ನೆನೆಸಿಕೊಂಡರೆ, ನಾನು ಅವರ ಮುಖ ನೋಡಿದ್ದಕ್ಕಿಂತ ಅಂಗಾಲು ನೋಡಿದ್ದೇ ಹೆಚ್ಚೋ ಏನೋ.

ನಾವು ಮಾಡಿದ ತಪ್ಪುಗಳನ್ನೂ ಬರೆಯಬೇಕು, ಇಲ್ಲದಿದ್ದರೆ ನಿಮಗೆ ಇದರಿಂದ ಉಪಯೋಗವಿಲ್ಲ.

ಗಾಜಿನ ಉಣ್ಣೆಯ ಮೊದಲ ಕೆಲಸ ಮುಗಿಸಿ ಬಂದ ಸಂಜೆ ಅವರಿಗೆ ಮೈಯೆಲ್ಲ ತುರಿಕೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಎಳೆ ಚರ್ಮಕ್ಕೆ ಚುಚ್ಚಿಕೊಂಡಿತ್ತು. ನಮ್ಮ ಕಡೆ ಮೈಗೆ ಏನಾದರೂ ಒಂದೇ ಔಷಧಿ: ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ನಾನು ಬಚ್ಚಲ ಒಲೆಗೆ ದೊಡ್ಡ ಕೊರಡು ಹಾಕಿ ಹಂಡೆ ಕಾಯಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಗಸಗಸ ತಿಕ್ಕಿದೆ. ಎಳೆಯೆಲ್ಲ ಇನ್ನೂ ಒಳಗೆ ಹೋಯಿತು. ಮನುಷ್ಯ ಬಚ್ಚಲಲ್ಲೇ ಕುಣಿದರು. "ನನ್ ಮೇಲೆ ಎಂಥ ದ್ವೇಷ ಇತ್ತೇ ಮಾರಾಯ್ತಿ ನಿಂಗೆ?" ಎಂದು ಕೂಗಿದ್ದು ಮೂರು ಮನೆಗೆ ಕೇಳಿತು. ತಿಕ್ಕಬಾರದು. ಮೊದಲು ಬರೀ ತಣ್ಣೀರು ಹೊಯ್ದು ಇಳಿಸಬೇಕು, ಆಮೇಲೆ ಸೋಪು. ತುಂಬುತೋಳಿನ ಅಂಗಿ, ಕೈಗವಸು, ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬಾರದು.

ಹೆಗ್ಗೋಡಿನ ಹತ್ತಿರದ ಒಂದು ಮನೆಯಲ್ಲಿ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಭಟ್ಟರ ಮನೆ. ಪೂರಾ ಮನೆಗೆ ಬಬಲ್ ರೋಲು ಅಂದಿದ್ದರು. ನಾವು ಅಡುಗೆಮನೆಯನ್ನೂ ಬಿಡದೆ, ಒಂದು ಸೂಜಿ ತೂರದ ಹಾಗೆ ಸಂದಿಗೆಲ್ಲ ಟೇಪು ಹಚ್ಚಿ ಮುಚ್ಚಿದೆವು. ಇಷ್ಟು ಅಚ್ಚುಕಟ್ಟು ಯಾರೂ ಮಾಡಿಲ್ಲ ಎಂದು ಬೀಗಿದೆವು. ಅಲ್ಲಿ ಇನ್ನೂ ಸೌದೆ ಒಲೆ. ಮುಂಚೆ ಹೊಗೆ ಹೆಂಚಿನ ಸಂದಿಯಿಂದ ತಾನೇ ಹೋಗುತ್ತಿತ್ತು; ಹೋಗುವ ದಾರಿಯಲ್ಲಿ ಅಟ್ಟದ ಮೇಲಿನ ಬೀಜದ ಸೌತೆಕಾಯಿ, ವಾಟೆಹುಳಿ ಎಲ್ಲವನ್ನೂ ಒಣಗಿಸಿ ಕಾಪಾಡುತ್ತಿತ್ತು. ವಾರ ಕಳೆದು ಕರೆ ಬಂತು. ಹೋದರೆ ಆ ಮನೆ ಅಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಅಂಗಳದಲ್ಲಿ ನಿಂತಿದ್ದರು. ಗಂಡನಿಗೆ ಅವರ ಮನೆಮಾತಿನಲ್ಲಿ, "ಹೊಗೆ ಹೋಪಲೆ ಜಾಗವೇ ಇಲ್ಲೆ. ಯಂಗ ಎಂತ ಮಾಡವು?" ಅನ್ನುತ್ತಿದ್ದರು. ಹೊಗೆ ಹೋಗಲು ಜಾಗವೇ ಇಲ್ಲ, ನಾವೇನು ಮಾಡಬೇಕು ಎಂದು. ನನ್ನ ಕಡೆ ತಿರುಗಿ, "ನೀನೂ ಒಲೆ ಮುಂದೆ ಕೂರೋಳಲ್ವನೇ? ಇವರಿಗೆ ಗೊತ್ತಿಲ್ಲ, ನಿಂಗಾದ್ರೂ ಗೊತ್ತಾಗ್ಲಿಲ್ವಾ?" ಅಂದರು.

ನಿಜ ಹೇಳಬೇಕೆಂದರೆ ನನಗೆ ಗೊತ್ತಾಗಿತ್ತು. ಟೇಪು ಹಚ್ಚುವಾಗಲೇ ಹೊಗೆ ಎಲ್ಲಿ ಹೋಗುತ್ತದೆ ಎಂಬ ಯೋಚನೆ ಬಂದಿತ್ತು. ಅಷ್ಟು ಗಂಡಸರ ನಡುವೆ ಹೇಳುವುದು ಹೇಗೆಂದು ಸುಮ್ಮನಿದ್ದೆ. ಬುತ್ತಿಯ ಬೆಂಡೆಕಾಯಿ ಪಲ್ಯ ಮುಟ್ಟದೆ ಅವತ್ತೆಲ್ಲ ಕೆಲಸ ಮಾಡಿ, ಒಲೆಯ ನೇರಕ್ಕೆ ಹಾಕಿದ್ದನ್ನೆಲ್ಲ ಕಿತ್ತು ಹೊಗೆಗೆ ದಾರಿ ಮಾಡಿಕೊಟ್ಟೆವು. ಬೆಂಕಿಯ ಹತ್ತಿರ, ಹೊಗೆಕೊಳವೆಯ ಹತ್ತಿರ, ಬಿಸಿಯಾಗುವ ದೀಪದ ಹತ್ತಿರ ರೋಲು ತರಬಾರದು ಎಂದು ಆಮೇಲೆ ಪ್ರಭಾಕರಣ್ಣ ಒಂದು ಗಂಟೆ ಬೈದು ಕಲಿಸಿದರು. ನಾನು ಸುಮ್ಮನಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಾಸ್ತಿಕಟ್ಟೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಶೀಟಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ ಎಂದು ಕರೆಸಿದ್ದರು. ನಾವು ಏನೂ ಕೇಳದೆ ಬಬಲ್ ಹಾಕಿ ಬಂದೆವು. ಅದು ಬಿಸಿಲನ್ನು ತಿರುಗಿಸಿ ಕಳಿಸುತ್ತದೆಯೇ ಹೊರತು ಸದ್ದನ್ನು ನುಂಗುವುದಿಲ್ಲ. ಮೊದಲ ಮಳೆಗೇ ಮೇಷ್ಟ್ರು ಫೋನ್ ಮಾಡಿದರು. ಆ ಸದ್ದಿನಲ್ಲಿ ಅವರು ಬೈದದ್ದೂ ನಮಗೆ ಕೇಳಿಸಲಿಲ್ಲ. ಮಳೆ ಬಿಟ್ಟ ಮೇಲೆ ಶೀಟು ಬಿಚ್ಚಿ ಗಾಜಿನ ಉಣ್ಣೆ ಹಾಕಿಕೊಟ್ಟೆವು. ಮರುವರ್ಷ ಸಾಗರದ ಪೇಟೆಯಲ್ಲಿ ಸಿಕ್ಕಿ, "ಹಾಕ್ಸಿದ್ದೇ ತಪ್ಪಾಯ್ತು ಮಾರಾಯ. ಈಗ ಮನೆಯವ್ಳು ಹೇಳೋದೆಲ್ಲ ಪೂರಾ ಕೇಳ್ತದೆ" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು, "ಮುಂಚೇನೂ ಕೇಳ್ತಿತ್ತು ಇವ್ರಿಗೆ. ಮಳೆ ಮೇಲೆ ಹಾಕ್ತಿದ್ರು" ಅಂದರು. ಅಂದಿನಿಂದ ಯಾವ ಮನೆಗೆ ಹೋದರೂ ನಮ್ಮ ಮೊದಲ ಪ್ರಶ್ನೆ, "ಬಿಸಿಲಾ, ಸದ್ದಾ?" ಬಬಲ್‌ಗೆ ಶೀಟಿನ ಕೆಳಗೆ ಎರಡು ಬೆರಳು ಜಾಗ ಬಿಡಬೇಕು, ಶೀಟಿಗೆ ಅಂಟಿದರೆ ಹೊಳಪಿಗೆ ಬೆಲೆಯಿಲ್ಲ. ಉಣ್ಣೆಗೆ ನೀರು ಸೋಕಬಾರದು. ನೆಂದ ರೋಲನ್ನು ಮುಚ್ಚಿಬಿಡೋಣ, ಒಳಗೇ ಒಣಗುತ್ತದೆ ಎಂದು ಯಾರು ಹೇಳಿದರೂ ಕೇಳಬೇಡಿ.

ಇನ್ನು ತೀರ್ಥಹಳ್ಳಿಯದು.

ಪೇಟೆಯಿಂದ ಸ್ವಲ್ಪ ಆಚೆಗೆ ಹೊಸ ಮನೆ. ಎತ್ತರದ ಮಾಡು, ಆಳಿನ ಮೇಲೊಬ್ಬ ಆಳು ನಿಂತರೂ ಎಟುಕದು. ಅಂಗಳದಲ್ಲಿ ವೆಲ್ಡಿಂಗಿನವರು ಕಬ್ಬಿಣ ಕತ್ತರಿಸುವ ಮಿಷಿನ್ ಇಟ್ಟಿದ್ದರು. ಜಗಲಿಯಲ್ಲಿ ಮನೆಯ ಹಿರಿಯರು, ನೆಂಟರು, ಗಂಡಸರೇ ಆರೇಳು ಜನ. ನನ್ನ ಪಕ್ಕದಲ್ಲಿ ಆ ಮನೆಯ ಮುದುಕಮ್ಮ, ಮೇಲೆ ನೋಡುತ್ತಾ ನಿಂತಿದ್ದರು. ನಿಮ್ಮಜ್ಜ ರೀಪಿನಿಂದ ರೀಪಿಗೆ ಹಾಕಿದ ಹಲಗೆಯ ಮೇಲೆ ನಿಂತು ರೋಲು ಹಾಸುತ್ತಿದ್ದರು. ನಡುವೆ ಒಂದು ಸುಕ್ಕು ಬಿತ್ತು. ನಾನೇ ಕಬ್ಬಿಣದ ಕಂಬಕ್ಕೆ ಎರಡು ಪೆಟ್ಟು ಕುಟ್ಟಿದೆ: ಎಳೆಯಿರಿ. ಕೈ ಎಟುಕಲಿಲ್ಲ ಅಂತ ಕಾಣುತ್ತದೆ, ಅವರು ಹಲಗೆ ಬಿಟ್ಟು ರೋಲಿನ ಮೇಲೆ ಕಾಲಿಟ್ಟರು. ಹಾಸಿದ ಮೇಲೆ ಮೇಲಿನವರಿಗೆ ರೀಪು ಕಾಣುವುದಿಲ್ಲ. ಕೆಳಗಿನವರಿಗೆ ಕಾಣುತ್ತದೆ. ಎರಡು ರೀಪುಗಳ ನಡುವೆ, ಖಾಲಿ ಜಾಗದಲ್ಲಿ, ಅವರ ಎಡಗಾಲಿನ ಹೆಬ್ಬೆರಳು ಮೂಡಿತು. ಆ ಕಡೆ ತಂತಿಬಲೆಯ ತುದಿಯನ್ನು ಇನ್ನೂ ಬಿಗಿದಿರಲಿಲ್ಲ.

ಮೂರು ಪೆಟ್ಟು ಕುಟ್ಟಿದೆ. ಮಿಷಿನ್ ಕಿರ್ರೋ ಎನ್ನುತ್ತಿತ್ತು, ನನ್ನ ಪೆಟ್ಟು ನನಗೇ ಕೇಳಲಿಲ್ಲ. ಮತ್ತೆ ಕುಟ್ಟಿದೆ. ಆಗ ಮಿಷಿನ್ ನಿಂತಿತು. ಪೂರಾ ನಿಶ್ಶಬ್ದ. ಅವರ ಮೈಭಾರ ಇನ್ನೂ ಹಲಗೆಯ ಮೇಲಿನ ಬಲಗಾಲಿನ ಮೇಲೇ ಇತ್ತು. ಒಂದು ಹೆಸರು ಕೂಗುವಷ್ಟು ಹೊತ್ತು ಇತ್ತು. ಹೆಸರು ಗಂಟಲವರೆಗೆ ಬಂತು. ಜಗಲಿಯ ಗಂಡಸರೆಲ್ಲ ಇದ್ದಾರೆ ಎನ್ನುವುದೂ, ಆಯುಸ್ಸು ಎನ್ನುವ ಅಮ್ಮನ ಮಾತೂ ಒಟ್ಟಿಗೆ ಬಂದವು. ನನ್ನ ಬಾಯಿ ತೆರೆದಿತ್ತು, ಸ್ವರ ಹೊರಡಲಿಲ್ಲ. ಕೈ ಕತ್ತರಿ ಎತ್ತಿತು. ಕುಟ್ಟುವಷ್ಟರಲ್ಲಿ ಹಾಳೆ ಹರಿಯಿತು.

ಬಿದ್ದಲ್ಲಿಗೆ ಎಲ್ಲರೂ ಓಡಿದರು. ಮುದುಕಮ್ಮ ನನ್ನ ತೋಳು ಹಿಡಿದು, "ನಿಂಗೆ ಕಾಣ್ತಿತ್ತಲ್ಲೇ. ಕೂಗಬಾರ್ದಿತ್ತಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಒಂದು ದಿನ ನಾನು ಅವರ ಕಾಲು ಒತ್ತುತ್ತಾ, "ನಾನು ಕೂಗ್ಬೇಕಿತ್ತು" ಅಂದೆ.

"ಕೂಗಿದ್ರೆ ಎಲ್ಲಿ ಕೇಳ್ತಿತ್ತು? ಮಿಷಿನ್ ಹಂಗೆ ಕೂಗ್ತಿತ್ತಲ್ಲ."

"ಮಿಷಿನ್ ನಿಂತಿತ್ತು."

"ನಿಂತಿರ್ಲಿಲ್ಲ. ಮೇಲಿದ್ದೋನು ನಾನೋ ನೀನೋ?"

ನಿಂತಿತ್ತು ಎಂದು ಅವರಿಗೂ ಗೊತ್ತಿತ್ತು. ಆ ಮಾತು ಮತ್ತೆ ಎಷ್ಟು ಸಲ ಬಂದರೂ ಅವರು ಅಷ್ಟನ್ನೇ ಹೇಳುತ್ತಿದ್ದರು, ಒಮ್ಮೆಯೂ ತಪ್ಪದೆ.

ಅದು ಬೇಸಿಗೆ. ಊರವರ ಮಾಡಿಗೆಲ್ಲ ರೋಲು ಹಾಸಿದ ನಮ್ಮ ಮನೆಗೆ ಬರೀ ಶೀಟು. ಮಧ್ಯಾಹ್ನ ಅವರ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಮಗ್ಗುಲು ಬದಲಿಸಲೂ ಆಗದು. ನೋಡಲು ಬಂದ ಪ್ರಭಾಕರಣ್ಣ ಒಂದು ನಿಮಿಷ ಕೂತು, ಟವೆಲಿನಿಂದ ಮುಖ ಒರೆಸಿ ಎದ್ದು ಹೋದರು. ಸಂಜೆ ಅಂಗಡಿಯ ಗಾಡಿಯಲ್ಲಿ ಉಳಿಕೆ ತುಂಡುಗಳೆಲ್ಲ ಬಂದವು: ಬಬಲ್‌ದು, ಉಣ್ಣೆಯದು, ಉದ್ದ ಗಿಡ್ಡ ಎಲ್ಲ. "ಆಳು ಕಳಿಸ್ತೀನಿ ತಂಗಿ" ಎಂದು ಫೋನ್ ಮಾಡಿದರು. ಬೇಡ ಅಂದೆ. ಅದು ನಾನು ಪ್ರಭಾಕರಣ್ಣನಿಗೆ ಎದುರಾಡಿದ ಮೊದಲ ಮಾತು.

ಮರುದಿನ ಬೆಳಗ್ಗೆ ಸೀರೆಯ ಮೇಲೆ ಅವರ ಅಂಗಿ ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತೊಲೆಗೆ ಬಿಗಿದು ನಾನು ಮಾಡು ಹತ್ತಿದೆ. ಶೀಟು ಒಂದೊಂದೇ ಬಿಚ್ಚಿದೆ. ಮೊದಲ ಸಲ ನಾನು ಮೇಲೆ, ಅವರು ಕೆಳಗೆ. ಮಂಚದ ಮೇಲೆ ಅಂಗಾತ ಮಲಗಿ ನನ್ನ ಅಂಗಾಲು ನೋಡುತ್ತಾ ಹೇಳುತ್ತಿದ್ದರು. ಅವರಿಗೇನು, ಗಂಡಸರು, ಹೆಸರು ಹಿಡಿದೇ ಕೂಗುತ್ತಿದ್ದರು.

"ಗಿರಿಜಾ, ಎಡಗಾಲು ಹಿಂದೆ! ಅಲ್ಲಿ ರೀಪಿಲ್ಲ. ಗಿರಿಜಾ, ಆ ತುಂಡು ಗಿಡ್ಡ ಆಯ್ತು. ಹಾಂ, ಈಗ ಎಳಿ. ಗಿರಿಜಾ, ನಿನ್ ಕಾಲ್ಬೆರಳಲ್ಲಿ ಉಂಗ್ರ ಇದೆ, ಹಾಳೆ ಹರೀತದೆ ನೋಡು."

ನನ್ನ ಹೆಸರನ್ನು ಅಷ್ಟು ಸಲ ಒಂದೇ ದಿನದಲ್ಲಿ ಯಾರೂ ಕರೆದಿರಲಿಲ್ಲ.

ಅವರ ತಲೆಯ ನೇರಕ್ಕೆ ಬರುವ ತುಂಡು ಹಾಸಿದ ಮೇಲೆ ಸ್ವಲ್ಪ ಹೊತ್ತು ಕೂತೆ. ಅಳತೆ ಗುರುತು ಹಾಕುವ ಮಾರ್ಕರ್ ಅಂಗಿಯ ಕಿಸೆಯಲ್ಲಿತ್ತು. ತೆಗೆದು ಬಬಲ್ ಹಾಳೆಯ ಮೇಲ್ಮೈಯಲ್ಲಿ, ಶಾಲೆಯಲ್ಲಿ ಕಾಪಿ ಬರೆಯುತ್ತಿದ್ದ ಹಾಗೆ ದುಂಡಗೆ, ಅವರ ಹೆಸರು ಬರೆದೆ. ಬರೀ ಹೆಸರು. ಕೆಳಗಿಂದ, "ಎಂತಾಯ್ತೇ, ಸುಸ್ತಾಯ್ತಾ?" ಅಂದರು. ಇಲ್ಲ ಎಂದು ರೀಪಿಗೆ ಒಂದು ಪೆಟ್ಟು ಕುಟ್ಟಿ ಶೀಟು ಮುಚ್ಚಿ ಸ್ಕ್ರೂ ಬಿಗಿದೆ. ಅವತ್ತು ಮಧ್ಯಾಹ್ನ ಅವರು ಬೆವರದೆ ನಿದ್ದೆ ಮಾಡಿದರು.

ಅವರು ಕೋಲು ಹಿಡಿದು ಓಡಾಡುವ ಹಾಗಾದ ಮೇಲೆ ನಾವಿಬ್ಬರೂ ಮತ್ತೆ ಕೆಲಸಕ್ಕೆ ಹೋದೆವು, ಜಾಗ ಅದಲು ಬದಲು. ಕೆಳಗೆ ಕುರ್ಚಿ ಹಾಕಿಕೊಂಡು ಅವರು, ಮೇಲೆ ನಾನು. ಹೆಂಗಸು ಮಾಡು ಹತ್ತುತ್ತಾಳೆ ಎಂದು ನೋಡಲು ಮಕ್ಕಳು ಸೇರುತ್ತಿದ್ದರು. ಒಂದು ಮನೆಯ ಯಜಮಾನರು, "ಏನಯ್ಯ, ಹೆಂಡ್ತಿನ ಹತ್ತಿಸಿ ನೀ ಕುರ್ಚಿ ಹಾಕ್ಕಂಡು ಕೂತಿದೀಯ?" ಅಂದರೆ, "ನಾನು ಇಂಜಿನಿಯರ್, ಅವಳು ಮೇಸ್ತ್ರಿ" ಅನ್ನುತ್ತಿದ್ದರು. ಮೊಣಕಾಲು ಬಗ್ಗದಂತಾಗುವವರೆಗೆ ಎಷ್ಟೋ ಮಾಡು ಹತ್ತಿದೆ. ಹೊಳೆಬಾಗಿಲಿನ ಕಡೆ ಕೆಲಸವಿದ್ದರೆ ಮುಗಿಸಿ ಹಿನ್ನೀರಿನ ದಡದಲ್ಲಿ ಕೂತು ಮಂಡಕ್ಕಿ ತಿಂದು ಲಾಂಚು ಹೋಗಿಬರುವುದನ್ನು ನೋಡುತ್ತಿದ್ದೆವು. ಈಗ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದರೆ ನನ್ನ ಕಣ್ಣು ಹೊಳೆಯ ಮೇಲೆ ಇರುವುದಿಲ್ಲ, ಮಾಡುಗಳ ಮೇಲೆ. ಅಲ್ಲೊಂದು ನಮ್ಮದು, ಇಲ್ಲೊಂದು ನಮ್ಮದು. ಹೊರಗಿನಿಂದ ಬರೀ ಶೀಟು ಕಾಣುತ್ತದೆ.

ಮೂರು ವರ್ಷದ ಹಿಂದೆ, ಅವರ ಕೊನೆಯ ದಿನಗಳಲ್ಲಿ, ಅದೇ ಮಂಚ, ಅದೇ ಜಾಗ. ಮಾತು ನಿಧಾನವಾಗಿತ್ತು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ, "ಇನ್ನೆಂಥ ಆಯುಸ್ಸು ಉಳಿದಿದೆ ಅಂತ ಹೆದರ್ತೀಯ? ಈಗಾದ್ರೂ ಒಂದ್ಸಲ ಕರಿ, ನೋಡಣ" ಎಂದು ನಕ್ಕರು. ನಾನು ಪ್ರಯತ್ನ ಮಾಡಿದೆ ಮಕ್ಕಳೇ, ಸುಳ್ಳಲ್ಲ. ಬಟ್ಟಲು ಕೆಳಗಿಟ್ಟೆ, ಬಾಯಿ ತೆರೆದೆ. ಆಗಲಿಲ್ಲ. ಚಮಚೆಯಿಂದ ಮಂಚದ ಕಾಲಿಗೆ ಮೂರು ಪೆಟ್ಟು ಕುಟ್ಟಿದೆ: ನಿಲ್ಲಿ. ಅವರು ಕಣ್ಣು ಮುಚ್ಚಿಕೊಂಡೇ ಬೆರಳ ಗೆಣ್ಣಿನಿಂದ ಒಂದು ಪೆಟ್ಟು ಕುಟ್ಟಿದರು. ಕೇಳಿಸಿತು ಎಂದು. ನಾಲ್ಕು ದಿನ ಬಿಟ್ಟು ಹೋದರು.

ಚೈತ್ರಾ, ಯಾವ ರೋಲು ಯಾವ ಮನೆಗೆ ಎಂಬುದನ್ನು ನೀನು ನನಗಿಂತ ಚೆನ್ನಾಗಿ ಕಲಿಯುತ್ತೀಯ. ಈಗ ಎಲ್ಲದಕ್ಕೂ ಅಳತೆಯ ಮಿಷಿನ್ ಇದೆ. ನಾನು ಹೇಳುವುದು ಒಂದೇ. ನಾಳೆ ಕೆಲಸಕ್ಕೆ ಹೋದ ಕೂಡಲೇ ಮೇಲೆ ಹತ್ತುವವರ ಹತ್ತಿರ ಹೋಗಿ, "ಸರ್, ನೀವು ಮೇಲಿದ್ದಾಗ ನಾನು ಹೆಸರಿಡಿದು ಕೂಗ್ತೀನಿ, ಬೇಜಾರು ಮಾಡ್ಕಬೇಡಿ" ಎಂದು ಮೊದಲೇ ಹೇಳು. ಕೆಳಗಿಳಿದ ಮೇಲೆ ಎಷ್ಟು ಬೇಕಾದರೂ ಸರ್ ಅನ್ನು. ಹತ್ತುವ ಮುಂಚೆ ಒಂದು ಸಲ ಕೂಗಿ ನೋಡು, ಗಂಟಲಿಗೆ ಅಭ್ಯಾಸವಾಗಲಿ. ನನ್ನ ಗಂಟಲಿಗೆ ಯಾರೂ ಅಭ್ಯಾಸ ಮಾಡಿಸಲಿಲ್ಲ.

ನಮ್ಮ ಮನೆಯ ತುಂಡುಗಳು ಹಳತಾಗಿವೆ. ಟೇಪು ಬಿಟ್ಟಿದೆ, ಒಂದೆರಡು ಕಡೆ ಜೋತಿದೆ. ಮಳೆಗೆ ಮುಂಚೆ ಬದಲಿಸಿಕೊಡುತ್ತೇನೆ ಅಂದಿದ್ದೀಯಲ್ಲ, ಬಾ. ಹಗ್ಗ ಕಟ್ಟಿಕೊಂಡು ಹತ್ತು. ಅಜ್ಜನ ಮಂಚದ ನೇರಕ್ಕೆ ಇರುವ ಶೀಟನ್ನು ಕೊನೆಗೆ ಬಿಚ್ಚು. ಅಲ್ಲಿ ಬರೆದದ್ದು ಇನ್ನೂ ಅಳಿಸಿರಲಾರದು. ಬಿಸಿಲಾಗಲಿ ನೀರಾಗಲಿ ಸೋಕದ ಹಾಗೆ ಮುಚ್ಚಿದ್ದೇನೆ, ನನ್ನ ಕೆಲಸ ನನಗೆ ಗೊತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಡ. ರಸ್ತೆಗೆ ಕೇಳುವ ಹಾಗೆ ಜೋರಾಗಿ ಓದು.

ನಾನು ಕೆಳಗೆ, ಮಂಚದ ಹತ್ತಿರ ನಿಂತಿರುತ್ತೇನೆ. ನೀನು ಓದಿದ ಮೇಲೆ ನಾನೂ ಒಂದು ಸಲ ಕೂಗುತ್ತೇನೆ. ಅದು ನಿನಗೆ ಕೇಳಿಸಿದರೆ ರೀಪಿಗೆ ಒಂದು ಪೆಟ್ಟು ಕುಟ್ಟು.